ಮೂರು ವೋಲ್ಟ್ ಹೇಳಿದ್ದನ್ನು ಮೋಟರ್ ಕೇಳಬೇಕು

(ಸಣ್ಣ ಸಿಗ್ನಲ್‌ನಿಂದ ದೊಡ್ಡ ಮೋಟರನ್ನು ಆಡಿಸುವ ಸ್ವಿಚ್ ಕಟ್ಟುವ ಬಗ್ಗೆ ನಮ್ಮ ಊರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳಿವು. ಐಟಿಐ, ಡಿಪ್ಲೊಮಾ ಓದುವ ಮಕ್ಕಳು, ವೈರಿಂಗ್ ಕೆಲಸದವರು, ಒಂದಿಬ್ಬರು ರೈತರು ಬಂದಿದ್ದರು. ಮಧ್ಯೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತಿಗೆ ಮೊದಲು ಒಂದು ಸದ್ದು ಕೇಳಿಸುತ್ತೇನೆ. ಈ ಗಾಜಿನ ಲೋಟದಲ್ಲಿ ನಲ್ಲಿ ನೀರಿದೆ. ಎರಡು ತಂತಿಗಳನ್ನು ಅದರೊಳಗೆ ಇಳಿಬಿಡುತ್ತೇನೆ. ಒಂದಕ್ಕೊಂದು ತಾಗಿಲ್ಲ, ನಡುವೆ ಒಂದು ಬೆರಳಿನಷ್ಟು ಜಾಗವಿದೆ. ಕಿವಿಗೊಡಿ. ಟಿಕ್. ಈಗ ಮೇಲಕ್ಕೆ ಎತ್ತಿದೆ. ಮತ್ತೆ ಟಿಕ್, ಈ ಸಲ ಸ್ವಲ್ಪ ಮೆತ್ತಗೆ. ಹಿಂದಿನ ಸಾಲಿನವರಿಗೂ ಕೇಳಿಸಿತು ಅಲ್ವಾ?

ನೀರಿನೊಳಗೆ ಹರಿದ ಕರೆಂಟು ಒಂದು ಮಿಲಿ ಆಂಪಿಯರ್ ಕೂಡ ಇಲ್ಲ. ಆದರೆ ಟಿಕ್ ಅಂದ ಆ ನೀಲಿ ಡಬ್ಬಿ ಇದೆಯಲ್ಲ, ರಿಲೇ, ಅಂದರೆ ಸಣ್ಣ ಕರೆಂಟಿನಿಂದ ಆಡುವ ಸ್ವಿಚ್, ಅದು 230 ವೋಲ್ಟಿನ ಬಲ್ಬನ್ನು ಆರಾಮಾಗಿ ಹೊತ್ತಿಸುತ್ತದೆ. ಅಷ್ಟು ಸಣ್ಣದು ಇಷ್ಟು ದೊಡ್ಡದಕ್ಕೆ ಹೇಳಿ ಕೆಲಸ ಮಾಡಿಸಿದ್ದು ಹೇಗೆ?

ನಮ್ಮ ಕೆರೆಗಳ ನೀರುಗಂಟಿಯನ್ನು ನೆನೆಸಿಕೊಳ್ಳಿ. ತೂಬು ಎತ್ತುವುದಕ್ಕೆ ಅವನೊಬ್ಬನ ತೋಳು ಸಾಕು. ನೀರನ್ನು ಗದ್ದೆಯವರೆಗೆ ತಳ್ಳಿದ್ದು ಅವನ ತೋಳಲ್ಲ, ಕೆರೆಯಲ್ಲಿ ತುಂಬಿ ನಿಂತ ನೀರಿನ ಭಾರ. ಸಿಗ್ನಲ್ ಕೂಡ ಹಾಗೇ. ಅದು ಅಪ್ಪಣೆ ಕೊಡುತ್ತದೆ ಅಷ್ಟೇ. ಕೆಲಸ ಮಾಡುವ ಶಕ್ತಿ ಬೇರೆ ಕಡೆ ಕಾದು ಕೂತಿರುತ್ತದೆ.

ಇಲ್ಲಿಯವರೆಗಿನದನ್ನು ಎಲ್ಲ ಪಾಠದಲ್ಲೂ ಹೇಳುತ್ತಾರೆ. ನಾನು ಒತ್ತಿ ಹೇಳಬೇಕು ಅಂತ ಬಂದಿರುವುದು ಇನ್ನೊಂದು ವಿಷಯ. ಸ್ವಿಚ್ ಕಟ್ಟುವವರು ಅದು ಆನ್ ಆಗುವುದನ್ನೇ ನೋಡುತ್ತಾರೆ. ಆನ್ ಆಯಿತು, ಮುಗಿಯಿತು. ಆದರೆ ತೂಬು ಮುಚ್ಚದೆ ಹೋದ ನೀರುಗಂಟಿಯಿಂದ ಊರಿಗೆ ಏನಾಗುತ್ತದೆ ಅನ್ನುವುದು ಕೆರೆ ಕೆಳಗಿನ ಊರಿನವರಿಗೆಲ್ಲ ಗೊತ್ತು. ಹಾಗಾಗಿ ಇವತ್ತು ಪ್ರತಿಯೊಂದು ಬಿಡಿಭಾಗದ ಹತ್ತಿರ ನಿಂತು ಒಂದೇ ಪ್ರಶ್ನೆ ಕೇಳೋಣ. ಸಿಗ್ನಲ್ ಇಲ್ಲದಾಗ ಇದು ಏನು ಮಾಡುತ್ತದೆ?

ಮೊದಲು ಲೆಕ್ಕ. ಮನೆಯ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಎತ್ತುವ ಮೋಟರ್ ತೆಗೆದುಕೊಳ್ಳಿ, 1 ಎಚ್‌ಪಿ. ಅಂದರೆ 746 ವ್ಯಾಟ್ ಕೆಲಸ. 230 ವೋಲ್ಟಿನಲ್ಲಿ ಓಡುವಾಗ ಸುಮಾರು 5ರಿಂದ 6 ಆಂಪಿಯರ್ ಎಳೆಯುತ್ತದೆ. ಈ ಕಡೆ ನಿಮ್ಮ ಕೈಯಲ್ಲಿರುವ, ಪ್ರೋಗ್ರಾಮ್ ಹಾಕಿ ಸಿಗ್ನಲ್ ಕೊಡಿಸುವ ಇಎಸ್‌ಪಿ32 ಬೋರ್ಡ್ ಕೊಡುವುದು 3.3 ವೋಲ್ಟ್, ಕೆಲವೇ ಮಿಲಿ ಆಂಪಿಯರ್. ಅಂಥದ್ದೇ ಇನ್ನೊಂದು ಬೋರ್ಡ್ ಆರ್ಡುಯಿನೊ ಉನೊ ಆದರೆ 5 ವೋಲ್ಟ್. ಅದರ ಒಂದು ಪಿನ್ನಿನಿಂದ 20 ಮಿಲಿ ಆಂಪಿಯರ್‌ಗಿಂತ ಜಾಸ್ತಿ ಎಳೆಯಬಾರದು, 40 ದಾಟಿದರೆ ಚಿಪ್ ಹೋದಂತೆಯೇ. ಈ ಕಡೆ 3 ಮಿಲಿ ಆಂಪಿಯರ್, ಆ ಕಡೆ 6 ಆಂಪಿಯರ್. ಎರಡು ಸಾವಿರ ಪಟ್ಟು. ಒಂದೇ ಹೆಜ್ಜೆಯಲ್ಲಿ ದಾಟುವ ದೂರವಲ್ಲ ಇದು. ಎರಡು ಮೂರು ಹೆಜ್ಜೆ ಬೇಕು.

ಈ ಹೆಜ್ಜೆಗಳ ಯೋಚನೆ ಹಳೆಯದು. 1835ರಲ್ಲಿ ಅಮೆರಿಕದ ಜೋಸೆಫ್ ಹೆನ್ರಿ ದೂರದಿಂದ ಬಂದ ಬಡಕಲು ಕರೆಂಟಿನಿಂದ ಒಂದು ಸಣ್ಣ ವಿದ್ಯುತ್ ಕಾಂತವನ್ನು ಎಳೆಸಿ, ಅದರಿಂದ ಹತ್ತಿರದಲ್ಲೇ ಇದ್ದ ದೊಡ್ಡ ಕಾಂತದ ಸರ್ಕ್ಯೂಟನ್ನು ಆಡಿಸಿ ತೋರಿಸಿದರು. ತಂತಿ ಸುದ್ದಿ ದೂರ ದೂರ ಹೋಗಿದ್ದು ಇದೇ ಉಪಾಯದಿಂದ. ಅದೇ ರಿಲೇ. ಆಮೇಲೆ ನೂರು ವರ್ಷಕ್ಕೂ ಜಾಸ್ತಿ ಕಳೆದು, 1947ರ ಡಿಸೆಂಬರಿನಲ್ಲಿ ಬೆಲ್ ಲ್ಯಾಬ್ಸ್‌ನ ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟನ್ ಟ್ರಾನ್ಸಿಸ್ಟರ್ ಮಾಡಿದರು. ಅಲುಗಾಡುವ ಭಾಗವೇ ಇಲ್ಲದ ತೂಬು. ಇವತ್ತಿನ ನಮ್ಮ ಬೋರ್ಡಿನಲ್ಲಿ ಹೆನ್ರಿಯವರದೂ ಇದೆ, ಬೆಲ್ ಲ್ಯಾಬ್ಸ್‌ನದೂ ಇದೆ, ಪಕ್ಕಪಕ್ಕದಲ್ಲಿ.

ಈಗ ಟ್ರಾನ್ಸಿಸ್ಟರ್ ಕೈಗೆ ತೆಗೆದುಕೊಳ್ಳಿ. ಇದು ಬಿಸಿ547. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಿಡಿ ಹಿಡಿಯಾಗಿ ಸಿಗುತ್ತದೆ. ಚಪ್ಪಟೆ ಮುಖ ನಿಮ್ಮ ಕಡೆಗೆ, ಕಾಲು ಕೆಳಗೆ. ಎಡಗಡೆಯದು ಕಲೆಕ್ಟರ್, ನಡುವಿನದು ಬೇಸ್, ಬಲಗಡೆಯದು ಎಮಿಟರ್. ಕಾಲೇಜು ಲ್ಯಾಬಿನಲ್ಲಿ ಲೋಹದ ಟೋಪಿಯ ಎಸ್‌ಎಲ್100 ನೋಡಿರುತ್ತೀರಿ. ಅದರಲ್ಲಿ ಸಣ್ಣ ಕಿವಿಯ ಪಕ್ಕದ ಕಾಲು ಎಮಿಟರ್. ಬೇರೆ ಬೇರೆ ನಂಬರಿನವಕ್ಕೆ ಕಾಲಿನ ಕ್ರಮವೂ ಬೇರೆ. ಡೇಟಾಶೀಟ್, ಅಂದರೆ ತಯಾರಕರು ಕೊಡುವ ವಿವರದ ಹಾಳೆ, ನೋಡದೆ ಸೋಲ್ಡರ್ ಮಾಡಬೇಡಿ.

ಬೇಸಿನಿಂದ ಎಮಿಟರಿಗೆ ಸ್ವಲ್ಪ ಕರೆಂಟು ಹರಿಸಿದರೆ, ಕಲೆಕ್ಟರಿನಿಂದ ಎಮಿಟರಿಗೆ ಅದರ ನೂರಾರು ಪಟ್ಟು ಹರಿಯಲು ದಾರಿ ತೆರೆಯುತ್ತದೆ. ಆಗಲೇ ಲೋಟದ ನೀರಿಗೆ ಇಂಥವೆರಡನ್ನು ಒಂದರ ಹಿಂದೆ ಒಂದು ಹಾಕಿದ್ದೆ. ನೂರನ್ನು ನೂರರಿಂದ ಗುಣಿಸಿದ ಹಾಗೆ, ಹತ್ತು ಸಾವಿರ ಪಟ್ಟು. ಬೋರ್ಡಿನಿಂದ ಬರುವ ಸಿಗ್ನಲ್‌ಗೆ ಅಷ್ಟು ಬೇಡ, ಒಂದೇ ಸಾಕು.

ಬೇಸಿಗೆ ಎಷ್ಟು ಕೊಡಬೇಕು? ಪೆನ್ನು ತೆಗೆಯಿರಿ. ಮಲ್ಟಿಮೀಟರಿನಿಂದ ಈ 12 ವೋಲ್ಟಿನ ರಿಲೇಯ ಕಾಯಿಲ್, ಅಂದರೆ ಒಳಗಿನ ತಂತಿ ಸುರುಳಿ, ಅಳೆಯುತ್ತೇನೆ. 400 ಓಮ್ ತೋರಿಸುತ್ತಿದೆ. 12 ಭಾಗಿಸು 400, ಅಂದರೆ 0.03. 30 ಮಿಲಿ ಆಂಪಿಯರ್ ಬೇಕು. ಬಿಸಿ547 ತಡೆಯುವುದು 100 ಮಿಲಿ ಆಂಪಿಯರ್, ಹಾಗಾಗಿ ಪರವಾಗಿಲ್ಲ. ನೂರು ಪಟ್ಟು ಹೆಚ್ಚಿಸುತ್ತದೆ ಅಂತ ಬೇಸಿಗೆ 0.3 ಮಿಲಿ ಆಂಪಿಯರ್ ಕೊಟ್ಟು ಸುಮ್ನೆ ಕೂರಬೇಡಿ. ಸ್ವಿಚ್ ಕೆಲಸಕ್ಕೆ ಹತ್ತರಲ್ಲೊಂದು ಪಾಲು ಕೊಡಬೇಕು. 30ಕ್ಕೆ 3. ಸಿಗ್ನಲ್ 3.3 ವೋಲ್ಟ್. ಬೇಸ್ ಎಮಿಟರ್ ನಡುವೆ 0.7 ಹೋಗುತ್ತದೆ. ಉಳಿದಿದ್ದು 2.6. ಅದನ್ನು 3 ಮಿಲಿ ಆಂಪಿಯರ್‌ನಿಂದ ಭಾಗಿಸಿದರೆ 866 ಓಮ್. ಬೇಸಿನ ದಾರಿಯಲ್ಲಿ ಅಷ್ಟರ ರೆಸಿಸ್ಟರ್ ಬೇಕು. ಅಂಗಡಿಯಲ್ಲಿ ಸಿಗುವುದು 1 ಕೆ, ಅಂದರೆ 1000 ಓಮ್. ಅದನ್ನೇ ಹಾಕಿ. 2.6 ಮಿಲಿ ಆಂಪಿಯರ್ ಬರುತ್ತದೆ, ಧಾರಾಳವಾಯಿತು.

ಹತ್ತರಲ್ಲೊಂದು ಯಾಕೆ ಅಂದರೆ, ಟ್ರಾನ್ಸಿಸ್ಟರಿಗೆ ಎರಡು ಸುಖದ ಸ್ಥಿತಿಗಳಿವೆ. ಪೂರ್ತಿ ತೆರೆದಿರುವುದು, ಪೂರ್ತಿ ಮುಚ್ಚಿರುವುದು. ಪೂರ್ತಿ ತೆರೆದಾಗ ಅದರ ಮೇಲೆ 0.2 ವೋಲ್ಟ್ ಮಾತ್ರ ಉಳಿಯುತ್ತದೆ, ಬಿಸಿಯೇ ಆಗುವುದಿಲ್ಲ. ಪೂರ್ತಿ ಮುಚ್ಚಿದಾಗ ಕರೆಂಟೇ ಇಲ್ಲ. ನಡುವೆ ಅರೆಬರೆ ತೆರೆದು ನಿಂತರೆ ವೋಲ್ಟೇಜೂ ಇದೆ, ಕರೆಂಟೂ ಇದೆ. ಸುಡುವುದು ಅಲ್ಲೇ.

ಇದೇ ಮಾತು ಮಾಸ್‌ಫೆಟ್‌ಗೂ ಹೊಂದುತ್ತದೆ. ಅದೂ ಒಂದು ಬಗೆಯ ಟ್ರಾನ್ಸಿಸ್ಟರೇ, ಬೇಸಿನ ಜಾಗದಲ್ಲಿ ಗೇಟ್ ಇರುತ್ತದೆ, ಕರೆಂಟಿನ ಬದಲು ವೋಲ್ಟೇಜಿಗೆ ತೆರೆಯುತ್ತದೆ. ಹುಡುಗರು ಅದರಲ್ಲೇ ಜಾಸ್ತಿ ಎಡವುತ್ತಾರೆ. ಐಆರ್‌ಎಫ್‌ಜೆಡ್44 ತರುತ್ತಾರೆ. ಡೇಟಾಶೀಟಿನಲ್ಲಿ ಗೇಟಿನ ಹೊಸ್ತಿಲು ವೋಲ್ಟೇಜ್ 2ರಿಂದ 4 ಅಂತ ಬರೆದಿದೆ. ನಮ್ಮದು 3.3 ಇದೆಯಲ್ಲ, ಸಾಕು ಅಂದುಕೊಳ್ಳುತ್ತಾರೆ. ಆ ಹೊಸ್ತಿಲಿನಲ್ಲಿ ಹರಿಯುವುದು ಒಂದು ಮಿಲಿ ಆಂಪಿಯರಿನ ಕಾಲು ಭಾಗ! ಬಾಗಿಲು ಕಿರ್ ಅಂದಿದೆ, ತೆರೆದಿಲ್ಲ. ಪೂರ್ತಿ ತೆರೆಯಲು ಅದಕ್ಕೆ 10 ವೋಲ್ಟ್ ಬೇಕು. 2 ಆಂಪಿಯರಿನ ಎಲ್‌ಇಡಿ ಪಟ್ಟಿ ಹಾಕಿ, ಮಾಸ್‌ಫೆಟ್ ಮೇಲೆ 4 ವೋಲ್ಟ್ ಉಳಿದರೆ 8 ವ್ಯಾಟ್ ಬಿಸಿ. ಮುಟ್ಟಿದರೆ ಬೆರಳಿಗೆ ಬೊಬ್ಬೆ ಬರುತ್ತದೆ. ಲಾಜಿಕ್ ಲೆವೆಲ್, ಅಂದರೆ ಬೋರ್ಡಿನ ಸಣ್ಣ ವೋಲ್ಟೇಜಿಗೇ ಪೂರ್ತಿ ತೆರೆಯುವಂಥದ್ದು, ಅಂತ ಕೇಳಿ ತನ್ನಿ. 5 ವೋಲ್ಟ್ ಸಿಗ್ನಲ್ ಇದ್ದರೆ ಐಆರ್‌ಎಲ್‌ಜೆಡ್44 ಚೆನ್ನಾಗಿ ತೆರೆಯುತ್ತದೆ.

ಆನ್ ಆಗುವ ಕಥೆ ಇಲ್ಲಿಗೆ ಸಾಕು. ಆಫ್ ಕಡೆಗೆ ಬರೋಣ.

ನಾನು ಮೊದಲ ಸಲ ಈ ಸರ್ಕ್ಯೂಟ್ ಕಟ್ಟಿದಾಗ ಒಂದು ಸಂಜೆಯಲ್ಲಿ ಮೂರು ಟ್ರಾನ್ಸಿಸ್ಟರ್ ಹೋದವು. ಆನ್ ಮಾಡಿದಾಗ ಸರಿ ಇರುತ್ತಿತ್ತು. ಹತ್ತು ಹದಿನೈದು ಸಲ ಆಡಿಸಿದ ಮೇಲೆ ರಿಲೇ ಬಿಡುತ್ತಲೇ ಇರಲಿಲ್ಲ. ಬಿಸಿಯಾಗಿರಲಿಲ್ಲ, ಲೆಕ್ಕ ತಪ್ಪಿರಲಿಲ್ಲ. ತುಂಬಾ ಬೇಜಾರಾಗಿತ್ತು. ಆಮೇಲೆ ತಿಳಿಯಿತು, ಅವು ಸತ್ತಿದ್ದು ಆನ್ ಆಗುವಾಗ ಅಲ್ಲ, ಆಫ್ ಆಗುವ ಕ್ಷಣದಲ್ಲಿ.

ಹಳೆಯ ಟ್ಯೂಬ್‌ಲೈಟ್ ನೆನಪಿದೆಯಾ? ಚೋಕ್ ಇತ್ತು, ಸ್ಟಾರ್ಟರ್ ಇತ್ತು. ಸ್ಟಾರ್ಟರ್ ಒಳಗಿನ ಎಲೆ ಬಿಟ್ಟುಕೊಂಡ ಕ್ಷಣ ಚೋಕ್ ನೂರಾರು ವೋಲ್ಟ್ ಒದೆಯುತ್ತಿತ್ತು. ಆ ಒದೆತಕ್ಕೆ ಟ್ಯೂಬ್ ಹತ್ತುತ್ತಿತ್ತು. ಸುರುಳಿಯಲ್ಲಿ ಹರಿಯುವ ಕರೆಂಟನ್ನು ಥಟ್ಟನೆ ನಿಲ್ಲಿಸಿದರೆ ಅದು ನಿಲ್ಲಲು ಒಪ್ಪುವುದಿಲ್ಲ. ರಿಲೇ ಕಾಯಿಲ್ ಕೂಡ ಸುರುಳಿಯೇ. 12 ವೋಲ್ಟಿನದೇ ಆದರೂ ಬಿಡುವಾಗ ನೂರು ಇನ್ನೂರು ವೋಲ್ಟ್ ಒದೆಯಬಲ್ಲದು. ಬಿಸಿ547 ತಡೆಯುವುದು 45. ಪ್ರತಿ ಸಲ ಆಫ್ ಮಾಡಿದಾಗಲೂ ನಾನೇ ಅದಕ್ಕೆ ಏಟು ಕೊಡುತ್ತಿದ್ದೆ.

ಪರಿಹಾರ ಒಂದು ಡಯೋಡ್, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ. 1ಎನ್4007. ಕಾಯಿಲ್‌ಗೆ ಅಡ್ಡಲಾಗಿ, ಬೆಳ್ಳಿ ಗೆರೆ ಇರುವ ತುದಿ ಪ್ಲಸ್ ಕಡೆಗೆ. ಸ್ವಿಚ್ ಆನ್ ಇದ್ದಾಗ ಈ ಡಯೋಡ್ ಸುಮ್ಮನೆ ಕೂತಿರುತ್ತದೆ. ಆಫ್ ಆದ ಕೂಡಲೇ ಕಾಯಿಲ್‌ನ ಕರೆಂಟಿಗೆ ತಿರುಗಾಡಲು ದಾರಿ ಕೊಟ್ಟು ಮೆಲ್ಲಗೆ ಆರಿಸುತ್ತದೆ. ಉಲ್ಟಾ ಹಾಕಿದರೆ ಮಾತ್ರ ಸೀದಾ ಶಾರ್ಟ್. ಗೆರೆಯನ್ನು ಎರಡು ಸಲ ನೋಡಿ.

ಎರಡನೆಯದು ಈ 10 ಕೆ ರೆಸಿಸ್ಟರ್, ಬೇಸಿನಿಂದ ಗ್ರೌಂಡಿಗೆ, ಅಂದರೆ ಮೈನಸ್ ಕಡೆಗೆ. ಇದನ್ನು ತೆಗೆದುಹಾಕಿದರೂ ಸರ್ಕ್ಯೂಟ್ ನಡೆಯುತ್ತದೆ, ಅದಕ್ಕೇ ಎಲ್ಲರೂ ಬಿಟ್ಟುಬಿಡುತ್ತಾರೆ. ನಮ್ಮ ಊರಿನಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತದೆ ನಿಮಗೇ ಗೊತ್ತು. ಪ್ರತಿ ಸಲ ಬಂದಾಗಲೂ ಬೋರ್ಡ್ ಎದ್ದೇಳಬೇಕು. ಆ ಸ್ವಲ್ಪ ಹೊತ್ತು ಪಿನ್ ಆನ್ ಅಂತಲೂ ಹೇಳುವುದಿಲ್ಲ, ಆಫ್ ಅಂತಲೂ ಹೇಳುವುದಿಲ್ಲ. ಗಾಳಿಯಲ್ಲಿ ತೇಲುತ್ತಿರುತ್ತದೆ. ಬೇಸ್ ಅಕ್ಕಪಕ್ಕದ ವೈರಿನ ಗಲಾಟೆ ಹಿಡಿದು ರಿಲೇಯನ್ನು ಕಟಕಟ ಆಡಿಸಬಹುದು. ಮಾಸ್‌ಫೆಟ್ ಗೇಟ್ ಇನ್ನೂ ಸೂಕ್ಷ್ಮ. ನೋಡಿ, ತೇಲುವ ಗೇಟನ್ನು ಬೆರಳಿನಿಂದ ಮುಟ್ಟುತ್ತೇನೆ. ದೀಪ ಹತ್ತಿತು. ಬೆರಳು ತೆಗೆದೆ. ಹತ್ತಿಕೊಂಡೇ ಇದೆ! 10 ಕೆ ಅದನ್ನು ಹೊಸ್ತಿಲ ಒಳಗೆ ಕೂರಿಸುತ್ತದೆ. ಯಾರೂ ಮಾತಾಡದಿದ್ದರೆ ಆಫ್ ಅಂತ ಅರ್ಥ ಮಾಡಿಸುತ್ತದೆ.

ರೆಡಿ ರಿಲೇ ಬೋರ್ಡ್ ಕೊಳ್ಳುವವರಿಗೂ ಒಂದು ಮಾತು. ಅವುಗಳಲ್ಲಿ ಬಹಳಷ್ಟು ಉಲ್ಟಾ. ಪಿನ್ ಸೊನ್ನೆಗೆ ಇಳಿದಾಗ ರಿಲೇ ಎತ್ತುತ್ತದೆ. ಮೇಲಾಗಿ 5 ವೋಲ್ಟಿನ ಬೋರ್ಡಿಗೆ 3.3 ಕೊಟ್ಟರೆ ಕೆಲವು ಪೂರ್ತಿ ಆಫ್ ಆಗುವುದೇ ಇಲ್ಲ. ಮೋಟರ್ ಜೋಡಿಸುವ ಮುಂಚೆ ಮೇಜಿನ ಮೇಲೇ ಐವತ್ತು ಸಲ ಆನ್ ಆಫ್ ಮಾಡಿ ನೋಡಿ. ಇನ್ನೊಂದು, ಬೋರ್ಡಿನ ಗ್ರೌಂಡ್ ಮತ್ತು 12 ವೋಲ್ಟಿನ ಗ್ರೌಂಡ್ ಸೇರಿರಬೇಕು. ಸರ್ಕ್ಯೂಟ್ ನಡೀತಿಲ್ಲ ಅಂತ ನನ್ನ ಹತ್ತಿರ ತಂದವುಗಳಲ್ಲಿ ಇದೇ ಜಾಸ್ತಿ.

ಈಗ ದೊಡ್ಡ ಕಡೆಗೆ. ರಿಲೇ ಮೇಲೆ 10 ಆಂಪಿಯರ್, 250 ವೋಲ್ಟ್ ಅಂತ ಬರೆದಿದೆ. ಮೋಟರ್ 6 ಆಂಪಿಯರ್. ಹಾಗಾದರೆ ಸೀದಾ ಹಾಕಬಹುದಲ್ಲ?

ನಾನು ಹಾಕಿದ್ದೆ. ಎರಡು ತಿಂಗಳು ಚೆನ್ನಾಗಿ ನಡೆಯಿತು. ಒಂದು ರಾತ್ರಿ ಎರಡು ಗಂಟೆಗೆ ಅಮ್ಮ ಎಬ್ಬಿಸಿದರು. ಟೆರೇಸಿನಿಂದ ನೀರು ಸುರಿಯುತ್ತಿತ್ತು. ಟ್ಯಾಂಕ್ ತುಂಬಿದೆ ಅಂತ ಬೋರ್ಡಿಗೆ ಗೊತ್ತಾಗಿದೆ, ಟ್ರಾನ್ಸಿಸ್ಟರ್ ಆಫ್ ಆಗಿದೆ, ಎಲ್‌ಇಡಿ ಆರಿದೆ. ಮೋಟರ್ ಮಾತ್ರ ಓಡುತ್ತಲೇ ಇದೆ. ಎಂಸಿಬಿ ಇಳಿಸಿದ ಮೇಲೆ ನಿಂತಿತು. ವಾರಕ್ಕೆರಡು ದಿನ ಬರುವ ನೀರನ್ನು ಸಂಪಿನಲ್ಲಿ ತುಂಬಿಸಿಟ್ಟಿದ್ದರು ಅಮ್ಮ. ಅರ್ಧ ಸಂಪು ಖಾಲಿಯಾಗಿತ್ತು.

ಬೆಳಿಗ್ಗೆ ಆ ರಿಲೇ ಡಬ್ಬಿಯನ್ನು ಬ್ಲೇಡಿನಿಂದ ಬಿಚ್ಚಿದೆ. ಒಳಗೆ ಎರಡು ಪುಟ್ಟ ಗುಂಡಿಗಳು, ಕಡಲೆಬೇಳೆಗಿಂತ ಚಿಕ್ಕವು. ಒಂದಕ್ಕೊಂದು ಅಂಟಿಕೊಂಡಿದ್ದವು. ಕಾಯಿಲ್ ಬಿಟ್ಟರೂ ಸ್ಪ್ರಿಂಗ್ ಎಳೆಯಲಾರದಷ್ಟು ಗಟ್ಟಿ. ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಎಬ್ಬಿದಾಗ ಚಟ್ ಅಂತ ಬಿಟ್ಟವು. ನುಣುಪಾಗಿರಬೇಕಾದ ಮುಖ ಕರಗಿ ಹರಳು ಹರಳಾಗಿತ್ತು. ವೆಲ್ಡಿಂಗ್ ಆಗಿತ್ತು. ಮೋಟರ್ ಓಡುವಾಗ 6 ಆಂಪಿಯರ್ ಆದರೂ, ಎದ್ದೇಳುವ ಗಳಿಗೆಯಲ್ಲಿ ಐದಾರು ಪಟ್ಟು ಎಳೆಯುತ್ತದೆ. 30 ಆಂಪಿಯರ್ ದಾಟುತ್ತದೆ. ಡಬ್ಬಿಯ ಮೇಲೆ ಬರೆದ 10 ಆಂಪಿಯರ್ ಹೀಟರಿನಂಥ ಲೋಡಿಗೆ, ಮೋಟರಿಗಲ್ಲ. ಆ ಗುಂಡಿಗಳನ್ನು ನೋಡಿದ ಮೇಲೆಯೇ ನನಗೆ ಈ ಪ್ರಶ್ನೆ ಬಲವಾಗಿ ಹಿಡಿದುಕೊಂಡಿದ್ದು. ಆಫ್ ಅಂತ ಹೇಳುವುದು ಬೇರೆ, ಆಫ್ ಆಗುವುದು ಬೇರೆ.

ಹಾಗಾಗಿ ಇನ್ನೊಂದು ಹೆಜ್ಜೆ ಬೇಕು. ಸಣ್ಣ ರಿಲೇ ಒಂದು ಕಾಂಟ್ಯಾಕ್ಟರಿನ, ಅಂದರೆ ದೊಡ್ಡ ರಿಲೇಯಂಥದ್ದರ, ಕಾಯಿಲನ್ನು ಮಾತ್ರ ಆಡಿಸಲಿ. ಮೋಟರಿನ ಭಾರವನ್ನು ಕಾಂಟ್ಯಾಕ್ಟರ್ ಹೊರಲಿ. ಅದನ್ನು ಮಾಡಿರುವುದೇ ಆ ಕೆಲಸಕ್ಕೆ.

ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ರೈತರೊಬ್ಬರು ಎದ್ದು ಕೇಳಿದರು. "ಸರ್, ನಮ್ಮ ಬೋರ್‌ವೆಲ್ ಸ್ಟಾರ್ಟರಲ್ಲಿ ಟಪ್ ಅಂತ ಎತ್ತುತ್ತಲ್ಲ, ಅದೇನಾ ಇದು?"

ಅದೇ ಅಣ್ಣ. ನೀವು ಹಸಿರು ಗುಂಡಿ ಒತ್ತಿದಾಗ ಬೆರಳಿನಿಂದ ಮೋಟರ್ ತಿರುಗಿಸುತ್ತಿಲ್ಲ. ಕಾಯಿಲ್‌ಗೆ ಹೇಳುತ್ತಿದ್ದೀರಿ. ಅದು ಮೂರು ಫೇಸನ್ನೂ ಒಟ್ಟಿಗೆ ಸೇರಿಸುತ್ತದೆ. ಬೆರಳು ತೆಗೆದ ಮೇಲೂ ಹಿಡಿದುಕೊಂಡಿರುವುದು ಯಾಕೆ? ಎತ್ತಿದಾಗ ಪಕ್ಕದಲ್ಲಿ ಇನ್ನೊಂದು ಸಣ್ಣ ಕಾಂಟ್ಯಾಕ್ಟ್ ಸೇರಿ ಕಾಯಿಲ್‌ಗೆ ತಾನೇ ಕರೆಂಟು ಕೊಟ್ಟುಕೊಳ್ಳುತ್ತದೆ. ಕೆಂಪು ಗುಂಡಿ ಆ ದಾರಿ ತಪ್ಪಿಸುತ್ತದೆ.

"ಕರೆಂಟ್ ಹೋಗಿ ಬಂದ್ರೆ ತಾನಾಗೇ ಎತ್ತಲ್ಲ. ಅದಕ್ಕೇ ಆಟೋ ಸ್ಟಾರ್ಟರ್ ಹಾಕ್ಸಿದೀವಿ."

ತಾನಾಗಿ ಎತ್ತದಿರುವುದು ಕೊರತೆಯಲ್ಲ ಅಣ್ಣ, ಬೇಕು ಅಂತಲೇ ಹಾಗೆ ಮಾಡಿದ್ದಾರೆ. ಕರೆಂಟು ಹೋದಾಗ ಯಾರೋ ಮೋಟರ್ ಬಿಚ್ಚಿ ಕೈ ಹಾಕಿರಬಹುದು. ಸಿಗ್ನಲ್ ಇಲ್ಲದಾಗ ಆಫ್, ಮನುಷ್ಯ ಬಂದು ಹೇಳುವವರೆಗೂ ಆಫ್. ತ್ರೀ ಫೇಸ್ ನಡುರಾತ್ರಿ ಬರುವಾಗ ಆಟೋ ಬೇಡ ಅನ್ನಲು ನನಗೆ ಬಾಯಿಲ್ಲ. ಕತ್ತಲಲ್ಲಿ ಹಾವು ಚೇಳಿನ ನಡುವೆ ತೋಟಕ್ಕೆ ಹೋಗುವವರು ನೀವು. ಆದರೆ ರಿಪೇರಿಗೆ ಕೈ ಹಾಕುವ ಮುನ್ನ ಆಟೋ ತೆಗೆದು, ಮೇನ್ ಇಳಿಸಿ, ಟೆಸ್ಟರಿನಲ್ಲಿ ಮೂರೂ ಫೇಸ್ ನೋಡಿ. ಇಷ್ಟನ್ನು ಮಾತ್ರ ದಯವಿಟ್ಟು ಮರೆಯಬೇಡಿ.

230 ವೋಲ್ಟಿನ ಬಗ್ಗೆ ಎರಡು ಮಾತು. ಸೋಲ್ಡರ್ ಇಲ್ಲದೆ ತಂತಿ ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್ ಮೇಲೆ ಅದನ್ನು ಯಾವತ್ತೂ ತರಬೇಡಿ. ಪಿಸಿಬಿಯಲ್ಲಿ, ಅಂದರೆ ತಾಮ್ರದ ಗೆರೆಗಳಿರುವ ಹಲಗೆಯಲ್ಲಿ, 230ರ ಕಡೆಯ ಗೆರೆಗೂ ಸಿಗ್ನಲ್ ಕಡೆಯ ಗೆರೆಗೂ ಕನಿಷ್ಠ 6 ಮಿಲಿಮೀಟರ್ ಅಂತರ ಬಿಡಿ. ಕತ್ತರಿಸುವುದು ಫೇಸನ್ನು, ನ್ಯೂಟ್ರಲ್ ಅನ್ನಲ್ಲ. 12 ವೋಲ್ಟಿಗೆ ಒಳ್ಳೆಯ ಅಡಾಪ್ಟರ್ ಬಳಸಿ. ಟ್ರಾನ್ಸ್‌ಫಾರ್ಮರ್ ಇಲ್ಲದೆ ಬರೀ ಒಂದು ಕೆಪಾಸಿಟರಿನಿಂದ 230 ಇಳಿಸುವ ಸರ್ಕ್ಯೂಟ್‌ಗಳು ಓಡಾಡುತ್ತಿವೆ. ಅಗ್ಗ ನಿಜ. ಆದರೆ ಅದರ ಗ್ರೌಂಡ್ ಮೇನ್ಸಿಗೇ ಅಂಟಿಕೊಂಡಿರುತ್ತದೆ. ಅದರ ತಂತಿಯನ್ನು ಟ್ಯಾಂಕಿನ ನೀರಿಗೆ ಇಳಿಬಿಟ್ಟರೆ, ಕೆಳಗೆ ನಲ್ಲಿ ಹಿಡಿದವರ ಗತಿ ಏನು? ಇದರಲ್ಲಿ ನಾನು ಯಾವ ರಾಜಿಯೂ ಮಾಡಿಕೊಳ್ಳುವುದಿಲ್ಲ. ಸಿಗ್ನಲ್ ಬಹಳ ದೂರದಿಂದ ಬರುತ್ತಿದ್ದರೆ ಪಿಸಿ817 ಎಂಬ ಆಪ್ಟೊಕಪ್ಲರ್ ಹಾಕಿ. ಒಳಗೆ ಒಂದು ಎಲ್‌ಇಡಿ, ಎದುರಿಗೆ ಬೆಳಕು ಕಂಡರೆ ತೆರೆಯುವ ಟ್ರಾನ್ಸಿಸ್ಟರ್. ನಡುವೆ ತಂತಿಯೇ ಇಲ್ಲ.

ಮುಗಿಸುವ ಹೊತ್ತಿಗೆ ಡಿಪ್ಲೊಮಾ ಓದುವ ಹುಡುಗಿಯೊಬ್ಬಳು ಕೈ ಎತ್ತಿದಳು. "ಸರ್, ಟೆರೇಸ್ ಮೇಲೆ ಅಳಿಲು ವೈರ್ ಕಡಿದ್ರೆ?"

ಇಡೀ ಸಂಜೆ ನಾನು ಕಾಯುತ್ತಿದ್ದ ಪ್ರಶ್ನೆ ಇದು. ಮೊದಲು ತೋರಿಸಿದ ಲೋಟದ ಸರ್ಕ್ಯೂಟ್ ನೋಡಮ್ಮ. ನೀರು ತಾಗಿದರೆ ಟಿಕ್, ಅಂದರೆ ತುಂಬಿತು, ಮೋಟರ್ ನಿಲ್ಲಿಸು. ವೈರ್ ಕಡಿದುಹೋದರೆ 'ತುಂಬಿತು' ಅನ್ನುವ ಸುದ್ದಿ ಬರುವುದೇ ಇಲ್ಲ. ಮೋಟರ್ ಓಡುತ್ತಲೇ ಇರುತ್ತದೆ. ಜೊತೆಗೆ ಡಿಸಿ ಕರೆಂಟಿಗೆ ತಾಮ್ರದ ತಂತಿ ನೀರಿನಲ್ಲಿ ಕೆಲವೇ ವಾರದಲ್ಲಿ ಹಸಿರುಗಟ್ಟಿ ಸವೆದುಹೋಗುತ್ತದೆ. ಆಗಲೂ ಅದೇ ಗತಿ. ನೋಡಲು ಚೆಂದ, ಮನೆಗೆ ಬೇಡ.

ಮಾತನ್ನು ತಿರುಗಿಸಿ ಹಾಕೋಣ. ಸಿಗ್ನಲ್ ಇದ್ದರೆ 'ಇನ್ನೂ ಜಾಗ ಇದೆ, ಓಡಬಹುದು' ಅಂತ ಅರ್ಥ. ಸಿಗ್ನಲ್ ಇಲ್ಲದಿದ್ದರೆ, ಕಾರಣ ಏನೇ ಇರಲಿ, ನಿಲ್ಲು. ಅದಕ್ಕೆ ಈ ಫ್ಲೋಟ್ ಸ್ವಿಚ್, ನೀರಿನಲ್ಲಿ ತೇಲುವ ಸ್ವಿಚ್. ಕೆಳಗೆ ಜೋತಾಡುವಾಗ ಒಳಗೆ ಸೇರಿರುತ್ತದೆ, ನೀರು ಎತ್ತಿ ಹಿಡಿದಾಗ ಬಿಡುತ್ತದೆ. ಸಂಪಿನಲ್ಲಿ ಇನ್ನೊಂದು, ಅದು ಉಲ್ಟಾ, ನೀರು ಖಾಲಿಯಾದರೆ ಬಿಡುವಂಥದ್ದು. ಎರಡನ್ನೂ ಒಂದೇ ಸಾಲಿನಲ್ಲಿ ಬೇಸಿನ ದಾರಿಗೆ ಹಾಕಿದರೆ ಯಾವುದು ಬಿಟ್ಟರೂ ಮೋಟರ್ ನಿಲ್ಲುತ್ತದೆ. ವೈರಿನ ಸಿಪ್ಪೆ ಸುಲಿದು ಎರಡೂ ಎಳೆ ಒಂದಕ್ಕೊಂದು ಅಂಟಿಕೊಂಡರೆ ಇದೂ ಮೋಸ ಹೋಗುತ್ತದೆ. ಅದಕ್ಕೆ ಪ್ರೋಗ್ರಾಮಿನಲ್ಲಿ ಸಮಯದ ಮಿತಿ ಇಡಿ. ನಿಮ್ಮ ಟ್ಯಾಂಕ್ 30 ನಿಮಿಷದಲ್ಲಿ ತುಂಬುವುದಾದರೆ 40ಕ್ಕೆ ನಿಲ್ಲಲಿ.

ಮೇಜಿನ ಮೇಲೆ ಮೋಟರ್ ಬದಲು 12 ವೋಲ್ಟಿನ ಕಂಪ್ಯೂಟರ್ ಫ್ಯಾನ್ ಜೋಡಿಸಿದೆ. ಫ್ಲೋಟ್ ಜೋತುಬಿಟ್ಟೆ. ಟಿಕ್, ಫ್ಯಾನ್ ತಿರುಗಿತು. ಕೈಯಲ್ಲಿ ಎತ್ತಿ ಹಿಡಿದೆ. ನಿಂತಿತು. ಮತ್ತೆ ಇಳಿಬಿಟ್ಟು, ಕಟಿಂಗ್ ಪ್ಲೈಯರ್ ಅವಳ ಕೈಗೆ ಕೊಟ್ಟೆ.

"ಯಾವುದನ್ನು ಕಟ್ ಮಾಡ್ಲಿ ಸರ್?"

"ಫ್ಲೋಟಿಗೆ ಹೋಗೋ ಎರಡ್ರಲ್ಲಿ ನಿನಗೆ ಇಷ್ಟ ಬಂದಿದ್ದು."

ಅವಳು ಸ್ವಲ್ಪ ಹೊತ್ತು ಎರಡನ್ನೂ ನೋಡಿದಳು. ಕಪ್ಪು ವೈರ್ ಹಿಡಿದು ಕತ್ತರಿಸಿದಳು. ಟಿಕ್. ಫ್ಯಾನ್ ನಿಧಾನವಾಗಿ ನಿಂತಿತು.